ಬಾಣಂತಿ ಗಾಡಿಗೆ ತಂಪು ತುಂಬಿಸಿದ್ದು

ನಿನ್ನೆ ಸ್ವಾರಗೇಟ ಹತ್ತಿರದ ಗ್ಯಾರೇಜಿನಲ್ಲಿ ಕಾರಿನ ಏಸಿಗೆ ಗ್ಯಾಸ್ ತುಂಬಿಸಿ ಗುಂಡಿ ಒತ್ತಿದೆ. ಮೊದಲು ಒದ್ದೆ ಗೋಣಿಚೀಲದ ವಾಸನೆ, ಹಿಂದೆಯೇ ತಂಪು ಗಾಳಿ. ಅಷ್ಟಕ್ಕೇ ನೋಡ್ರಿ, ತೊಂಬತ್ತರ ದಶಕದ ಒಂದು ವೈಶಾಖ ಬಂದು ಎದೆಯ ಮೇಲೆ ಕೂತಿತು.

ಆಗ ತಂಗಿ ಶಾಂತಾ ಚೊಚ್ಚಲ ಬಾಣಂತನಕ್ಕೆ ಖಡಕಿಯ ನಮ್ಮ ಮನೆಗೆ ಬಂದಿದ್ದಳು. ಮೂರು ತಿಂಗಳ ಕೂಸಿನ ಜೊತೆ ಅವಳನ್ನು ಸೊಲ್ಲಾಪುರದ ಗಂಡನ ಮನೆಗೆ ಕಳಿಸಲು ಹಿರಿಯರು ದಿನ ಗೊತ್ತುಮಾಡಿದರು. ಬಿಸಿಲೋ, ಬರೀ ಬೆಂಕಿ! ಕೂಸಿನ ಮೈತುಂಬ ಬೆವರುಗುಳ್ಳೆ ಎದ್ದು ಹಗಲೆಲ್ಲ ಚೀರುತ್ತಿತ್ತು. ಹುಟ್ಟಿದಾಗಿನಿಂದ ಒಂದು ರಿಬ್ಬನ್ನನ್ನೂ ಬಾಯಿಬಿಟ್ಟು ಕೇಳದ ಶಾಂತಾ ನನ್ನನ್ನು ಅಡಿಗೆಮನೆಗೆ ಕರೆದಳು. “ಅಣ್ಣಾ, ನಿನ್ನ ಗಾಡ್ಯಾಗ ತಂಪ ಗಾಳಿ ಬರೂಹಂಗ ಮಾಡಿಸು. ಈ ಬಿಸಲಾಗ ಹ್ಯಾಂಗ ಒಯ್ಯಲಿ? ನನ್ನ ಕೂಸು ಬಾಡಿ ಹೋಗತದ.”

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಏಸಿ ಅಂತ ಅದರಲ್ಲಿ ಒಂದು ಗುಂಡಿ ಇತ್ತು, ಅಷ್ಟೇ. ಹೊರಡುವ ದಿನ ಬೆಳಿಗ್ಗೆಯೇ ಗ್ಯಾರೇಜಿಗೆ ಓಡಿದೆ. ಮಿಸ್ತ್ರಿ ತೂತುಬಿದ್ದ ಪೈಪು ಬೆಸೆದ. ಇನ್ನು ಗ್ಯಾಸ್ ತುಂಬಿದರೆ ಮುಗೀತು ಅಂದುಕೊಂಡರೆ, ಪುಣ್ಯಾತ್ಮ ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಮೀಟರಿನ ಮುಳ್ಳು ನೋಡುತ್ತ ಸುಮ್ಮನೆ ಕೂತುಬಿಟ್ಟ! ಮುಳ್ಳು ಅಲುಗಿದರೆ ಇನ್ನೂ ಎಲ್ಲೋ ಸೋರುತ್ತದೆ ಅಂತ ಲೆಕ್ಕ. “ಘಾಯಿ ನಕೋ, ಸಾಹೇಬ” ಅಂದ. ಅವಸರ ಬೇಡವಂತೆ! ಊಟಕ್ಕೆ ಕೂತರೂ ಒಂದು ಕಾಲು ಹೊಸ್ತಿಲಾಚೆ ಇಡುವವ ನಾನು. ಚಹಾ ಕುಡಿದೆ, ರಸ್ತೆ ದಾಟಿದೆ, ಸುಮ್ಮನೆ ತಿರುಗಿ ದಾಟಿದೆ, ಮತ್ತೆ ಮುಳ್ಳು ನೋಡಿದೆ. ನನ್ನ ಕಣ್ಣಿಗೆ ಅದು ಪ್ರತಿ ಸಲವೂ ಅಲುಗಿದಂತೆಯೇ ಕಾಣುತ್ತಿತ್ತು. ಕೊನೆಗೆ ಮಿಸ್ತ್ರಿ ನನ್ನನ್ನು ಅಂಗಳದಾಚೆ ಅಟ್ಟಿ, ತನಗೆ ಸಮಾಧಾನವಾದ ಮೇಲೆಯೇ ಗ್ಯಾಸ್ ತುಂಬಿದ.

ಮನೆಗೆ ಬಂದೆ. ಕಿವಿಗೆ ಉಣ್ಣೆಯ ಸ್ಕಾರ್ಫು ಬಿಗಿದುಕೊಂಡು ಶಾಂತಾ ಹಿಂದೆ ಕೂತಳು, ಪಕ್ಕದಲ್ಲಿ ಅವ್ವ. ದೊಡ್ಡ ಸಾಧನೆ ಮಾಡಿದವನ ಠೀವಿಯಿಂದ ಗುಂಡಿ ಒತ್ತಿದೆ.

“ಏ ಹುಚ್ಚಪ್ಪಾ, ಬಂದ್ ಮಾಡ! ಹಸಿ ಬಾಣಂತಿಗೆ ಥಂಡಿ ಬಡಸ್ತಿ? ನಾಳೆ ಹೆಚ್ಚುಕಡಿಮಿ ಆದ್ರ ನೀ ನೋಡಂವೇನು?” ಅವ್ವ ಗುಡುಗಿದಳು.

ಬಂದ್ ಮಾಡಿದೆ. ಕಿಟಕಿ ತೆರೆಯೋಣವೆಂದರೆ ಅದೂ ಗಾಳಿಯೇ! ಎಲ್ಲ ಮುಚ್ಚಿಕೊಂಡು ಹೊರಟೆವು. ಅವ್ವನಿಗೆ ಎದುರಾಡುವ ಧೈರ್ಯ ನಮ್ಮ ಮನೆಯಲ್ಲಿ ಅಪ್ಪನಿಗೂ ಇರಲಿಲ್ಲ, ನನಗೆಲ್ಲಿಂದ ಬರಬೇಕು? ಊರೂರು ದಾಟಿದಂತೆ ನನ್ನ ಕೈ ಗುಂಡಿಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಹಿಂದೆ ಕೂಸಿನದು ಒಂದೇ ಸಮನೆ ಅಳು.

ಇಂದಾಪುರದ ಹತ್ತಿರ ಕೂಸು ಅಳುವುದನ್ನು ನಿಲ್ಲಿಸಿತು. ಬಾಯಿ ತೆರೆದು ತೇಕುತ್ತಿತ್ತು, ಮುಖ ಕೆಂಪಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಶಾಂತಾ ಸ್ಕಾರ್ಫಿನ ಗಂಟು ಬಿಚ್ಚುತ್ತಿದ್ದಾಳೆ.

“ಕಟ್ಟಗೋ!” ಅಂದಳು ಅವ್ವ.

“ಅವ್ವಾ, ಬಾಣಂತಿ ನಾ ಇದ್ದೀನಿ,” ಅಂದಳು ಶಾಂತಾ. ಬಿಚ್ಚಿದ ಸ್ಕಾರ್ಫನ್ನು ಮಡಿಲಿಗೆ ಹಾಕಿಕೊಂಡಳು. “ಅಣ್ಣಾ, ಹಚ್ಚು.”

ಹಚ್ಚಿದೆ. ಅಯ್ಯೋ ದೇವರೇ, ಈಗ ಏನು ಕಾದಿದೆಯೋ ಅಂತ ಕಿವಿ ಹಿಂದಕ್ಕೇ ಇತ್ತು. ಅವ್ವ ಶಾಂತಾಳ ಮಡಿಲಿನ ಸ್ಕಾರ್ಫು ತೆಗೆದು ತನ್ನ ಕಿವಿಗೇ ಕಟ್ಟಿಕೊಂಡು ಮುಖ ಆಚೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಕೂಸು ನಿದ್ದೆಹೋಯಿತು. ಅವ್ವ ಮಾತ್ರ ಗಾಳಿ ಅದರ ನೆತ್ತಿಗೆ ಬಡಿಯದಂತೆ ಸೊಲ್ಲಾಪುರದವರೆಗೂ ಸೆರಗು ಅಡ್ಡ ಹಿಡಿದೇ ಕೂತಿದ್ದಳು.

ಇವತ್ತು ತಮ್ಮನ ಸೊಸೆ ಸುಮಾಳನ್ನು ಎಳೆಗೂಸಿನ ಜೊತೆ ಆಸ್ಪತ್ರೆಯಿಂದ ಕರೆತರಬೇಕಿತ್ತು. ಅದಕ್ಕೇ ನಿನ್ನೆಯ ಓಡಾಟ. ಕೂಸನ್ನೆತ್ತಿಕೊಂಡು ಸುಮಾ ಹಿಂದೆ ಕೂತಳು, ಪಕ್ಕದಲ್ಲಿ ಅವ್ವ, ಈಗ ಹಣ್ಣಾಗಿದ್ದಾಳೆ. ಗುಂಡಿಯ ಮೇಲೆ ಬೆರಳಿಟ್ಟು ಕನ್ನಡಿಯಲ್ಲಿ ಅವ್ವನ ಮುಖ ನೋಡಿದೆ.

“ನನ್ನ ಮಾರಿ ಏನ ನೋಡ್ತಿ? ಆಕೀನ್ನ ಕೇಳು.”

ತಿರುಗಿ ಕೇಳಿದೆ.

“ಬ್ಯಾಡ್ರಿ ಮಾವಾ, ನಂಗ ಥಂಡಿ ಹತ್ತತದ,” ಅಂದಳು ಸುಮಾ.

ಬೆರಳು ತೆಗೆದೆ. ಯಾವ ಅವಸರವೂ ಇಲ್ಲದೆ ಗಾಡಿ ಬಿಟ್ಟೆ.