ಹಿಂದಿನ ಸೀಟಿಲ್ಲದ ಕೆಂಪು ಕಾರು

"ಇಬ್ರೇ ಕೂರೋ ಗಾಡಿ ಅದೆಂಥದೋ ಮಗಾ? ಸಂಸಾರಸ್ಥರ ಮನ್ಯಾಗೆ ಇಟ್ಕಳೋ ವಸ್ತುನಾ ಅದು?"

ಈ ಮಾತು ಕೇಳದೆ ಚನ್ನಗಿರಿಯ ನಮ್ಮ ಮನೆಯಲ್ಲಿ ಬೆಳಗೇ ಆಗುತ್ತಿರಲಿಲ್ಲ. ಹೇಳುವವರು ನಮ್ಮ ಅತ್ತೆ. ಕೇಳಿಸಿಕೊಳ್ಳದವರಂತೆ ಕಾರಿನ ಮೂತಿ ಒರೆಸುತ್ತಿದ್ದವರು ನಮ್ಮ ಮನೆಯವರು.

ಇವರದು ಟ್ರ್ಯಾಕ್ಟರ್ ಸ್ಪೇರ್‌ಪಾರ್ಟ್ಸ್ ಅಂಗಡಿ. ಚಿಕ್ಕಮಗಳೂರು ಕಡೆ ಯಾರದೋ ಎಸ್ಟೇಟಿನ ಷೆಡ್ಡಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದ ಹಳೇ ರೇಸಿನ ಕಾರೊಂದನ್ನು ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಬಂದಾಗ ಅದು ಕಾರೆಂದು ಹೇಳಿದರಷ್ಟೇ ಕಾರು. ಅಂಗಡಿ ಮುಚ್ಚಿ ಬಂದವರೇ ಅದರ ಹೊಟ್ಟೆಯ ಕೆಳಗೆ ಹೊಕ್ಕುಬಿಡೋರು. ಊಟಕ್ಕೆ ಕರೆಯಬೇಕೆಂದರೆ ಕಾಲು ಹಿಡಿದು ಎಳೆಯಬೇಕು. ಹಾಗೆ ಬಿಡಿಬಿಡಿಯಾಗಿ ಜೋಡಿಸಿ, ಕುಂಕುಮದಂಥ ಕೆಂಪು ಬಣ್ಣ ಹೊಡೆಸಿ, ಒಂದು ಭಾನುವಾರ ಸ್ಟಾರ್ಟ್ ಮಾಡಿದರು ನೋಡಿ! ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಎದುರುಮನೆಯವರು ಹಲ್ಲುಜ್ಜುವ ಬ್ರಷ್ಷಿನೊಂದಿಗೇ ಓಡಿಬಂದರು.

ಉದ್ದನೆಯ ಮೂತಿ, ದುಂಡನೆಯ ಕಣ್ಣಿನಂಥ ಲೈಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಮೇಲೆ ಟಾಪಿಲ್ಲ. ಸೀಟು ಎರಡೇ. ಊರವರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟರು. ಕಪ್ಪೆಯನ್ನು ಹೊನ್ನಾಳಿಯವರೆಗೆ ಓಡಿಸಿಕೊಂಡು ಬಂದ ದಿನ ಇವರ ಕೂದಲು ಹುಲ್ಲಿನ ಮೆದೆಯ ಹಾಗೆ ಎದ್ದು ನಿಂತಿತ್ತು, ಮುಖದ ಮೇಲಿನ ನಗು ಮಲಗುವ ತನಕ ಇಳಿಯಲಿಲ್ಲ.

ಆದರೆ ಸಂಸಾರ ಎಂದ ಮೇಲೆ ಲೆಕ್ಕ ಬೇರೆ. ಇಬ್ಬರು ಮಕ್ಕಳು, ನಾನು, ಅತ್ತೆ. ಇವರ ಪಕ್ಕದ ಒಂದೇ ಸೀಟಿಗೆ ದಿನಾ ಜಗಳ. ತವರು ನ್ಯಾಮತಿಗೆ ಹೋಗಬೇಕಾದರೆ ನಾನು ಮಕ್ಕಳೊಂದಿಗೆ ಬಸ್ಸಿನಲ್ಲಿ, ಇವರು ಹಿಂದೆ ಕಪ್ಪೆಯಲ್ಲಿ. ಸವಳಂಗದ ಸರ್ಕಲ್ಲಿನಲ್ಲಿ ನನ್ನ ಗುರುತಿನವರೊಬ್ಬರು, "ಏನ್ರೀ, ಗಂಡ ಹೆಂಡ್ತಿ ಮಾತು ಬಿಟ್ಟಿದೀರೇನು?" ಎಂದು ಕೇಳಿಯೇ ಬಿಟ್ಟರು. ಮನೆಗೆ ಬಂದವಳೇ ನಾನೂ ಅತ್ತೆಯ ಪಕ್ಷ ಸೇರಿದೆ.

"ಹಿಂದೊಂದು ಸೀಟು ಕೂರಿಸಿ, ಮ್ಯಾಲೊಂದು ಟಾಪು ಹಾಕಿಸಿದ್ರೆ ಏನು ಗಂಟು ಹೋಗ್ತೈತ್ರೀ?"

"ಜಿಂಕೆ ಹೆಗಲಿಗೆ ನೊಗ ಇಡು ಅಂತೀಯಲ್ಲೇ!" ಎಂದರು ಇವರು.

ಒಳಗಿನಿಂದ ಅತ್ತೆ, "ಜಿಂಕೆ ಕಟ್ಟಾಕೆ ನಮ್ಮನೆ ಏನು ಕಾಡೇನೋ?"

ಅತ್ತೆಯ ಮಾತಿಗೆ ಬೇರೊಂದು ಬೇರಿತ್ತು. ಭೂಮಿ ಹುಣ್ಣಿಮೆಯ ದಿನ ನಮ್ಮ ಕಡೆ ಬಸುರಿ ಭೂಮಿಗೆ ಬಯಕೆಯ ಊಟ ಕೊಡುತ್ತೇವೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ದೊಡ್ಡ ಬುಟ್ಟಿಯಲ್ಲಿ ಕಡುಬು, ಬುತ್ತಿ, ಸೊಪ್ಪು ಬೆರೆಸಿದ ಅಂಬಲಿ ಎಲ್ಲ ಹೊಲಕ್ಕೆ ಹೋಗಬೇಕು. ನಮ್ಮ ಮನೆಯ ಕಟ್ಟು ಇನ್ನೂ ಬಿಗಿ. ಹೊಲ ಮುಟ್ಟುವ ತನಕ ಬುಟ್ಟಿ ನೆಲಕ್ಕೆ ಇಡಬಾರದು. ಬುಟ್ಟಿಗಿಂತ ಮುಂದೆ ಯಾರೂ ಹೋಗಬಾರದು. ಮನೆಗೆ ಬಂದ ಯಾವುದೇ ಗಾಡಿ ಒಂದು ಸಲವಾದರೂ ಆ ಬುಟ್ಟಿ ಹೊತ್ತ ಮೇಲೆಯೇ ನಮ್ಮದು. ಎತ್ತಿನ ಗಾಡಿ ಹೊತ್ತಿತ್ತು, ಟ್ರ್ಯಾಕ್ಟರ್ ಹೊತ್ತಿತ್ತು. ಅತ್ತೆಯ ಮಂಡಿ ನೋವು ಜಾಸ್ತಿಯಾದ ಮೇಲೆ ಮೈದುನನ ದೊಡ್ಡ ಕಾರು ಹೊರುತ್ತಿತ್ತು. ಅದರಲ್ಲಿ ಮನೆಮಂದಿಯೆಲ್ಲ ಕೂರಬಹುದು, ನಿಜ. ಆದರೆ ಬಾಗಿಲಲ್ಲಿ ಬುಟ್ಟಿ ಓರೆ ಮಾಡದೆ ಒಳಗೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಅಂಬಲಿ ಚೆಲ್ಲಿ, ಅತ್ತೆಯ ಹೊಸ ಸೀರೆಗೆ ಅಭಿಷೇಕ.

"ಈ ಸಲ ನನ್ನ ಕಾರಿನ್ಯಾಗೆ ಬಾರವ್ವ," ಎಂದು ಇವರು ಕೇಳಿದರು. ಅಷ್ಟು ಕಷ್ಟಪಟ್ಟು ಎಬ್ಬಿಸಿದ ಕಾರನ್ನು ಹೆತ್ತ ತಾಯಿ 'ಆ ಗಾಡಿ' ಎನ್ನುತ್ತಾರೆಯೇ ಹೊರತು 'ನಮ್ಮ ಗಾಡಿ' ಎಂದು ಒಂದು ದಿನವೂ ಅಂದಿರಲಿಲ್ಲ.

"ಮನೆಮಂದಿ ಕೂರಂಗಿದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲ."

ಇವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಜಗಳೂರಿಗೆ ಫೋನ್ ಹಚ್ಚಿದರು.

ಜಗಳೂರಿನಲ್ಲಿ ಲಾರಿ, ಗೂಡ್ಸ್ ಆಟೊಗಳಿಗೆ ಬಾಡಿ ಕಟ್ಟುವ ಭಾಯ್ ಒಬ್ಬರಿದ್ದಾರೆ, ಇವರ ಹಳೇ ಗೆಳೆಯರು. ಹಬ್ಬದ ಹಿಂದಿನ ದಿನ ಬೆಳಗ್ಗೆಯೇ ಬಂದಿಳಿದರು. ಬರುವಾಗಲೇ ಹಿಂದಿನ ಸೀಟು ಮಾಡಿಕೊಂಡೇ ಬಂದಿದ್ದರು. ಕೆಂಪು ರೆಕ್ಸಿನ್ನು, ಅಂಚಿಗೆ ಬಿಳಿ ಪೈಪಿಂಗು, ಮೆತ್ತಗೆ ಹೊಸ ಗಾದಿಯಂತಿತ್ತು. ಮಕ್ಕಳು ಅದರ ಮೇಲೆ ಕುಣಿದರು. ಅತ್ತೆ ಮುಟ್ಟಿ ನೋಡಿ, "ಸಾಬ್ರೇ, ನಿಮ್ಮ ಕೈ ಒಳ್ಳೇದು," ಎಂದರು.

ಭಾಯ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಮೆಸುಣ್ಣದಿಂದ ಬೆನ್ನಿನ ಮೇಲೆ ಗೆರೆ ಎಳೆದರು. "ಇಲ್ಲಿಂದ ಇಲ್ಲಿಗೆ ಕಟ್ ಮಾಡಾದು. ಚಾಸಿ ಒಂದೀಟು ಉದ್ದ ಮಾಡಾದು. ಮ್ಯಾಲೆ ಟಾಪು. ನಾಕು ಜನ ಅರಾಮ ಕೂರ್ತಾರೆ ಸಾವ್ಕಾರ್ರೇ. ಆದ್ರೆ ಒಂದು ಮಾತು, ಒಂದ್ಸಲ ಕೊಯ್ದ ಮ್ಯಾಲೆ ಮತ್ತೆ ಹಿಂಗೆ ಮಾಡಾಕೆ ನನ್ ಕೈಲೂ ಆಗಂಗಿಲ್ಲ."

ಆ ಬಿಳಿ ಗೆರೆ ನೋಡಿದ್ದೇ, ಸೀಟು ಬೇಕು ಎಂದು ಹಟ ಹಿಡಿದಿದ್ದ ನಾನೇ ಮುಖ ಆಚೆ ತಿರುಗಿಸಿದೆ. ಇವರಂತೂ, "ತಿಂಡಿ ತಿಂದು ಶುರು ಮಾಡಾಣ ಭಾಯ್," ಎಂದರು. ತಿಂಡಿಯಾದ ಮೇಲೆ ಟೀ. ಆಮೇಲೆ ಗ್ರೈಂಡರಿಗೆ ಹೊಸ ಬ್ಲೇಡು ತರಲು ಹೋದವರು ಅಂಗಡಿಯಲ್ಲೇ ಕೂತುಬಿಟ್ಟರು. ಬಂದ ಮೇಲೆ ಊಟ. ಊಟದ ಮೇಲೆ ಎಲೆ ಅಡಿಕೆ. ಅಡಿಕೆ ಅಗಿಯುತ್ತಾ ಭಾಯ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಅಕ್ಕಾ, ಸಾವ್ಕಾರ್ರು ಕುರಿ ಕೊಯ್ಯಾಕೆ ಕರ್ಸಿ, ಕುರಿಗಿಂತ ಜಾಸ್ತಿ ನನಗೇ ಮೇವು ಹಾಕಾಕೆ ಹತ್ಯಾರೆ!" ಎಂದರು. ಹೊತ್ತು ಇಳಿಯಿತು. "ನಾಳೆ ಹಬ್ಬ ಮುಗಿಸ್ಕೊಳ್ರಿ, ಬಂದ ಮ್ಯಾಲೆ ಕೊಯ್ಯಾಣ," ಎಂದು ಭಾಯ್ ಕೈ ತೊಳೆದು, ರಾತ್ರಿ ನಮ್ಮಲ್ಲೇ ಉಳಿದರು. ಅಂದರೆ ಕಪ್ಪೆಗೆ ಇನ್ನೊಂದು ದಿನದ ಆಯುಷ್ಯ.

ಹುಣ್ಣಿಮೆಯ ಬೆಳಗ್ಗೆ ಬುಟ್ಟಿ ತುಂಬಿತು. ಆ ವರ್ಷ ಮಗಳು ಚಿತ್ತಾರ ಬರೆಯುತ್ತೇನೆಂದು ಹಟ ಮಾಡಿ, ಎಲ್ಲಕ್ಕಿಂತ ಅಗಲವಾದ ಬುಟ್ಟಿ ಆರಿಸಿದ್ದಳು. ಅಂಚಿನ ತುಂಬ ಹೂವು, ನವಿಲು, ಒಂದು ಮೂಲೆಯಲ್ಲಿ ಕಪ್ಪೆ ಕಾರು! ಬುಟ್ಟಿಯನ್ನು ಹೊತ್ತು ಹೊರಗೆ ಬಂದವಳು ನಾನು. ಅತ್ತೆ ಮೈದುನನ ಕಾರು ಹತ್ತಿ ಕೂತು ಕೈ ಚಾಚಿದರು. ನೇರ ಹಿಡಿದೆ, ಹೋಗಲಿಲ್ಲ. ಅಡ್ಡ ಹಿಡಿದೆ, ಹೋಗಲಿಲ್ಲ.

"ಒಂಚೂರು ಓರೆ ಮಾಡ್ರಿ ಅತ್ತಿಗೆ," ಎಂದ ಮೈದುನ.

"ಓರೆ ಮಾಡಿದ್ರೆ ನಿನ್ನ ತಲೆ ಮ್ಯಾಲೆ ಅಂಬಲಿ ಹುಯ್ತೀನಿ!" ಎಂದರು ಅತ್ತೆ. "ಹುಡುಗಿ ಬರೆದಿದ್ದೆಲ್ಲ ಅಳಿಸಿ ಹೋಗ್ತೈತೆ."

ನನ್ನ ಕೈ ಸೋಲುತ್ತಿತ್ತು. ನೆಲಕ್ಕೆ ಇಡುವಂತಿಲ್ಲ. ಎಲ್ಲರೂ ಒಟ್ಟಿಗೆ ಒಂದೊಂದು ಸಲಹೆ ಕೂಗುತ್ತಿದ್ದರು. ಅತ್ತೆ ಮಾತ್ರ ಅಂಗಳದ ಆಚೆ ನೋಡುತ್ತಿದ್ದರು. ಅಲ್ಲಿ ಬೆನ್ನ ಮೇಲೆ ಸುಣ್ಣದ ಗೆರೆ ಹೊತ್ತು ಕಪ್ಪೆ ನಿಂತಿತ್ತು. ಆಕಾಶಕ್ಕೆ ಬಾಯಿ ತೆರೆದುಕೊಂಡು.

"ಲೇ ಮಗಾ, ನನ್ನ ಇಳಿಸು," ಎಂದರು.

ಇವರು ತಾಯಿಯನ್ನು ಹೆಚ್ಚೂಕಮ್ಮಿ ಎತ್ತಿಕೊಂಡೇ ಹೋಗಿ ಕಪ್ಪೆಯಲ್ಲಿ ಕೂರಿಸಿದರು. ನಾನು ಬುಟ್ಟಿಯನ್ನು ಮೇಲಿನಿಂದ ಅವರ ಮಡಿಲಿಗೆ ಇಳಿಸಿದೆ, ತೊಟ್ಟಿಲಿಗೆ ಕೂಸು ಹಾಕಿದ ಹಾಗೆ. ಒಂದು ಹನಿ ಅಂಬಲಿ ತುಳುಕಲಿಲ್ಲ. ಭಾಯ್ ಚಪ್ಪಾಳೆ ತಟ್ಟಿದರು, ಮಕ್ಕಳು ಕಿರುಚಿದರು, ನನಗೆ ಕಣ್ಣಲ್ಲಿ ನೀರೇ ಬಂತು.

ಹೊರಟಿತು ನೋಡಿ ಮೆರವಣಿಗೆ! ಮುಂದೆ ಕೆಂಪು ಕಾರಿನಲ್ಲಿ ಕೆಂಪು ಬುಟ್ಟಿ, ಹಿಂದೆ ನಾವೆಲ್ಲ ಮೈದುನನ ಕಾರಿನಲ್ಲಿ, ಅದರ ಹಿಂದೆ ಬೈಕುಗಳು, ಒಂದರ ಮೇಲೆ ಭಾಯ್ ಕೂಡ. ನಲ್ಲೂರಿನ ರಸ್ತೆಯಲ್ಲಿ ಜನ ಅಂಗಡಿ ಬಿಟ್ಟು ಹೊರಬಂದು ಕೈ ಮುಗಿದರು. ಬುಟ್ಟಿಗೋ ಕಾರಿಗೋ, ತಿಳಿಯಲಿಲ್ಲ. ನಮ್ಮ ಹೊಲದ ಕಡೆಗೆ ತಿರುಗುವ ಮುಂಚೆ ಒಂದು ಉದ್ದನೆಯ ನೆಟ್ಟಗಿನ ದಾರಿ ಇದೆ. ಅಲ್ಲಿ ಅತ್ತೆ ಮಗನ ಕಡೆ ತಿರುಗಿ ಏನೋ ಅಂದದ್ದು ಕಾಣಿಸಿತು. ಆಮೇಲೆ ಗೊತ್ತಾಯಿತು, ಅವರು ಕೇಳಿದ್ದು, "ಇದರ ಕಸುವು ಇಷ್ಟೇ ಏನೋ?" ಎಂದು.

ಮರುಗಳಿಗೆ ಕಪ್ಪೆ ಗುಡುಗಿತು. ಅತ್ತೆಯ ಸೆರಗು ಬಾವುಟದಂತೆ ಎದ್ದಿತು. ನಾವು ಬಾಯಿ ಮುಚ್ಚುವುದರೊಳಗೆ ಅವರು ಧೂಳಾಗಿ, ಚುಕ್ಕೆಯಾಗಿ ಮಾಯ. "ಬುಟ್ಟಿಗಿಂತ ಮುಂದೆ ಹೋಗಬಾರ್ದು ಅಂತಿದ್ರಲ್ಲ," ಎಂದು ಮೈದುನ ಗೇರು ಬದಲಿಸುತ್ತಾ ನಿಟ್ಟುಸಿರಿಟ್ಟ. "ಹೋಗೋಣ ಅಂದ್ರೂ ಆಗಂಗಿಲ್ಲ ಬಿಡ್ರಿ."

ಹೊಲದ ಬದುವಿನಲ್ಲಿ ನಾವು ಹೋಗಿ ಮುಟ್ಟಿದಾಗ ಅತ್ತೆ ಇನ್ನೂ ಕಾರಿನಲ್ಲೇ ಕೂತಿದ್ದರು, ಮಡಿಲಲ್ಲಿ ಬುಟ್ಟಿ. ಕುಂಕುಮ ಹಣೆಯ ತುಂಬ ಹರಡಿತ್ತು, ಕೂದಲು ಬಿಚ್ಚಿಹೋಗಿತ್ತು. ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಹೊನ್ನಾಳಿಗೆ ಹೋಗಿಬಂದ ದಿನ ಇವರ ಮುಖದಲ್ಲಿದ್ದದ್ದು ಇದೇ ನಗು.

ಪೂಜೆಯಾಯಿತು, ಪೈರಿನ ಮೇಲೆ ಅಂಬಲಿ ಚೆಲ್ಲಿ ಬಂದೆವು. ಊಟಕ್ಕೆ ಕೂತಾಗ ಇವರು ತಟ್ಟೆಯಲ್ಲಿ ಗೆರೆ ಎಳೆಯುತ್ತಾ, "ಅವ್ವ, ಮನೆಗೆ ಹೋದ ಮ್ಯಾಲೆ ಭಾಯ್ ಕೆಲಸ ಶುರು ಮಾಡ್ತಾರೆ," ಎಂದರು.

"ಯಾವ ಕೆಲಸ?"

"ಟಾಪು, ಸೀಟು..."

"ಟಾಪು ಹಾಕಿದ್ರೆ ಮುಂದಿನ ವರ್ಷ ಬುಟ್ಟಿ ಎಲ್ಲಿಂದ ಇಳಿಸ್ತೀಯೋ? ನಿನ್ನ ತಲೆ ಮ್ಯಾಲಿಂದನಾ?" ಅತ್ತೆ ಕಡುಬು ಮುರಿದು ತುಪ್ಪಕ್ಕೆ ಅದ್ದಿದರು. "ಹೊಡಿಯೋನು ಒಬ್ಬ, ಬುಟ್ಟಿ ಹಿಡಿಯೋಳು ಒಬ್ಳು. ಉಳಿದೋರು ಹೆಂಗೂ ಹಿಂದೇನೆ ಬರ್ಬೇಕು. ನಮ್ಮ ಗಾಡಿ ಹೆಂಗೈತೋ ಹಂಗೇ ಇರ್ಲಿ."

ನಮ್ಮ ಗಾಡಿ! ಇವರ ಕೈಯ ತುತ್ತು ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು. ನಾನು ಅಂಬಲಿ ಪಾತ್ರೆಯಲ್ಲಿ ಮುಖ ಅಡಗಿಸಿದೆ.

"ಹಂಗಾದ್ರೆ ನನ್ನ ಸೀಟು?" ಭಾಯ್ ಕೇಳಿದರು, ನಿಜವಾಗಿಯೂ ನೊಂದು.

ಆ ಸೀಟು ಈಗ ನಮ್ಮ ಮನೆಯ ಜಗುಲಿಯ ಮೇಲಿದೆ. ಅದರ ಎದುರಲ್ಲೇ ನಿಂತು ಇವರು ಅಂಗಿಯ ತುದಿಯಿಂದ ಕಪ್ಪೆಯ ಬೆನ್ನಿನ ಸುಣ್ಣದ ಗೆರೆ ಒರೆಸಿದ್ದು. ಭಾನುವಾರ ಬಂತೆಂದರೆ ಮಗ, ಮಗಳು, ನಾನು ಅದರ ಮೇಲೆ ಸಾಲಾಗಿ ಕೂತು ನಮ್ಮ ಸರದಿ ಕಾಯುತ್ತೇವೆ. ಬೆಳಗಿನ ಮೊದಲ ಸುತ್ತು ಅತ್ತೆಯದು. ಅದಕ್ಕೆ ಯಾರೂ ತಕರಾರು ಮಾಡುವಂತಿಲ್ಲ. ತಿರುಗಿ ಬಂದು ಇಳಿಯುವಾಗ ಅವರು ಮಂಡಿ ಹಿಡಿದುಕೊಂಡು ನರಳುತ್ತಾರೆ, ನಿಜ. ಆದರೆ ಭಾಯ್ ಮಾಡಿದ ಸೀಟಿನ ಮೇಲೆ ಕೂತ ಕೂಡಲೇ ಕೂದಲು ಗಂಟು ಹಾಕಿಕೊಳ್ಳುತ್ತಾ, ಹೋಗಿಬಂದ ದಾರಿಯ ಕತೆ ಶುರುಮಾಡುತ್ತಾರೆ. ಕೇಳುತ್ತಾ ಕೂತರೆ ನನ್ನ ಸರದಿ ಹೋಗಿಬಿಡುತ್ತದೆ. ಹಾಗಾಗಿ ನಾನು ಕತೆಯ ನಡುವೆಯೇ ಎದ್ದು ಓಡುತ್ತೇನೆ.