ಭಾಗೀರಥಮ್ಮ ತೀರಿಕೊಂಡರೆಂದು ನಾನು ಹೇಳಿದ್ದು

ಬದುಕಿದ್ದ ಒಬ್ಬ ಹೆಂಗಸನ್ನು ನಾನು ಸತ್ತಿದ್ದಾರೆಂದು ಹೇಳಿದೆ. ಬಾಯಿತಪ್ಪಿ ಅಲ್ಲ, ಯಾರದೋ ಮಾತು ನಂಬಿಯೂ ಅಲ್ಲ — ಎರಡು ದಿನ ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಹೇಳಿದೆ. ಆಕೆಯ ಮುಖವನ್ನು ಆಗ ನಾನು ನೋಡಿಯೂ ಇರಲಿಲ್ಲ. ಆ ಒಂದು ಮಾತಿನಿಂದ ವೇಣತ್ತೆಯ ಒಂದು ತಿಂಗಳನ್ನು ಕಸಿದುಕೊಂಡೆ. ಒಂದು ತಿಂಗಳು ಎಂದು ಈಗಲೂ ಕೈ ಸಣ್ಣದು ಮಾಡಿ ಬರೆಯುತ್ತಿದೆ. ಕಸಿದುಕೊಂಡದ್ದು ಸಮುದ್ರವನ್ನು.

ವೇಣತ್ತೆ ನನ್ನ ಗಂಡ ಗುರುರಾಜರ ಸೋದರತ್ತೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಹೊಸಪೇಟೆಗೆ, ತಮ್ಮನ ಮನೆಗೆ ಬಂದವರು ಅಲ್ಲೇ ಉಳಿದರು. ತಾಯಿಯಿಲ್ಲದ ಗುರುರಾಜರನ್ನು ಬೆಳೆಸಿದರು, ಆಮೇಲೆ ನಮ್ಮ ಮಗಳು ಚಿನ್ನಿಯನ್ನು ಎತ್ತಿಕೊಂಡರು. ಮಡಿಯಲ್ಲಿದ್ದಾಗ ಹತ್ತಿರ ಹೋಗಲು ನಮಗೆಲ್ಲ ಹೆದರಿಕೆ. ಮಡಿ ಬಿಚ್ಚಿದ ಮೇಲೆ ಅವರ ನಗು ಓಣಿಯ ತುದಿಗೂ ಕೇಳುತ್ತಿತ್ತು. ಅರವತ್ತೆಂಟು ವರ್ಷಗಳಲ್ಲಿ ಅವರು ನೋಡಿದ ದೊಡ್ಡ ನೀರೆಂದರೆ ನಮ್ಮ ಡ್ಯಾಮಿನ ಹಿನ್ನೀರು.

ಅದಿರಿನ ಭರಾಟೆಯ ವರ್ಷಗಳು ಅವು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮೂರ ಮೇಲೆ ಹಾದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ಹಿತ್ತಲಲ್ಲಿ ಒಣಹಾಕಿದ ಅತ್ತೆಯ ಮಡಿಸೀರೆ ಮಧ್ಯಾಹ್ನದೊಳಗೆ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಬೈದುಕೊಂಡು ಮತ್ತೆ ಜಾಲಿಸುತ್ತಿದ್ದರು. ನಾನು ತೋರಣಗಲ್ಲಿನ ಹತ್ತಿರ ಅದಿರಿನ ಮಾದರಿ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಆಗಷ್ಟೇ ಸೇರಿದ್ದೆ. ಎಂಟಕ್ಕೆ ಕಂಪನಿ ಬಸ್ಸು. ಎರಡು ವರ್ಷದ ಚಿನ್ನಿಯನ್ನು ಬಿಟ್ಟು ಆ ಬಸ್ಸು ಹತ್ತಲು ಸಾಧ್ಯವಾದದ್ದು ಮನೆಯಲ್ಲಿ ಅತ್ತೆ ಇದ್ದುದರಿಂದ, ಬೇರೆ ಯಾವುದರಿಂದಲೂ ಅಲ್ಲ.

ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ ಆ ಸಲ ಬೇಸಿಗೆಯಲ್ಲೇ ಬಂತು. ಸಮುದ್ರಕ್ಕೆ ಯಾವ ದಿನವಾದರೂ ಕೈಮುಗಿಯಬಹುದು, ಆದರೆ ಮನಸ್ಸಿಗೆ ಬಂದಾಗ ಮುಟ್ಟುವ ಹಾಗಿಲ್ಲ, ಅದಕ್ಕೆ ಪರ್ವಕಾಲವೇ ಆಗಬೇಕು — ಇದು ಅತ್ತೆ ತಮ್ಮ ಅಜ್ಜಿಯಿಂದ ಕಲಿತ ಶಾಸ್ತ್ರ. ಅಧಿಕ ಮಾಸದಲ್ಲಿ ಮಾತ್ರ ತಿಂಗಳಿಡೀ ಮುಳುಗಬಹುದಂತೆ.

"ಗೋಕರ್ಣಕ್ಕ ಹೋಗತೀನಿ. ಮೂವತ್ತು ದಿನಾನೂ ಸಮುದ್ರಸ್ನಾನ, ಒಂದು ದಿನಾನೂ ಬಿಡಂಗಿಲ್ಲ," ಎಂದರು. ತಮಗೆಂದು ಅವರು ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಏರ್ಪಾಡೆಲ್ಲ ನನ್ನ ಪಾಲಿಗೆ ಬಂತು. ಗುರುರಾಜರ ಸಹೋದ್ಯೋಗಿಯೊಬ್ಬರು ಒಂದು ನಂಬರು ಕೊಟ್ಟರು. ಭಾಗೀರಥಮ್ಮ ಎಂಬ ಒಂಟಿ ಹೆಂಗಸು, ಯಾತ್ರಿಕರಿಗೆ ಕೋಣೆ ಕೊಡುವವರು. ಬಾವಿ ಇದೆಯೇ, ಬೇರೆ ಒಲೆ ಸಿಗುತ್ತದೆಯೇ, ಮಡಿಯಲ್ಲಿ ಅಡುಗೆ ಮಾಡಿಕೊಳ್ಳಬಹುದೇ ಎಂದು ಕೇಳಿದೆ. "ಅದಕ್ಕೇನು, ಅಡ್ಡಿಲ್ಲ," ಎಂದರು ಫೋನಿನಲ್ಲಿ. "ನಾನೂ ಒಬ್ಳೇ. ಬೆಳಿಗ್ಗೆ ಕೈ ಹಿಡಿದು ಸಮುದ್ರಕ್ಕೆ ಕರ್ಕಂಡು ಹೋಗ್ತೆ ಅಂತ ಹೇಳಿ ಅವ್ರಿಗೆ."

ಹೇಳಿದೆ. ಅತ್ತೆ ಆ ಮಾತನ್ನು ಮೂರು ಸಲ ಹೇಳಿಸಿಕೊಂಡರು.

ಆಮೇಲೆ ಅವರ ತಯಾರಿ ನೋಡಬೇಕಿತ್ತು! ಮೆಂತ್ಯದ ಹಿಟ್ಟು, ಅವಲಕ್ಕಿ, ಚಟ್ನಿಪುಡಿ. ಅಧಿಕ ಮಾಸದಲ್ಲಿ ದಾನ ಕೊಡಬೇಕಾದ ಮೂವತ್ತಮೂರು ಅನಾರಸದ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ ಕುಟ್ಟಿದ ಹಿಟ್ಟು. ಸಮುದ್ರ ಕಂಡವರು ಯಾರೇ ಸಿಕ್ಕರೂ ಹಿಡಿದು ನಿಲ್ಲಿಸಿ ವಿಚಾರಣೆ. ನಮ್ಮ ಮನೆಯೆದುರು ಬಯಲಲ್ಲಿ ಲಾರಿ ನಿಲ್ಲಿಸುತ್ತಿದ್ದ ಡ್ರೈವರ್ ಮೌಲಾಸಾಬ್ ಬಂದರಿಗೆ ಹೋಗಿ ಬರುವವನು. "ಆ ಕಡಿ ದಂಡಿ ಕಾಣಸತದೇನಪಾ?" ಎಂದು ಅವನನ್ನು ಕೇಳಿದರು.

"ಇಲ್ಲಬೇ ಅಮ್ಮಾ, ಎಷ್ಟು ನೋಡಿದ್ರೂ ನೀರೇ. ನಾನೂ ಮೊದಲ್ನೇ ಸಲ ನೋಡಿ ಲಾರಿ ಬಂದ್ ಮಾಡಿ ನಿಂತುಬಿಟ್ಟಿದ್ದೆ."

ಅತ್ತೆ ಸುಮ್ಮನೆ ಆ ಲಾರಿಯ ಕಡೆ ನೋಡಿದರು. ಆಮೇಲೆ — ನನಗೆ ಆಗ ನಗು ಬಂತು, ಈಗ ಬರೆಯುವಾಗ ಕೈ ನಿಲ್ಲುತ್ತದೆ — ಸಮುದ್ರದ ದಂಡೆ ಮುಟ್ಟಿ ಬಂದ ಆ ಧೂಳು ಹಿಡಿದ ಗಾಲಿಗಳಿಗೆ ಕೈಮುಗಿದರು.

ಅತ್ತೆ ಇಲ್ಲದ ತಿಂಗಳು ಚಿನ್ನಿಯನ್ನು ನೋಡಿಕೊಳ್ಳಲು ನನ್ನ ಲ್ಯಾಬಿನಲ್ಲಿ ರಜೆ ಸಿಗಲಿಲ್ಲ. ಸೇರಿ ಮೂರು ತಿಂಗಳಾದವಳಿಗೆ ಒಂದು ತಿಂಗಳ ರಜೆ ಯಾರು ಕೊಡುತ್ತಾರೆ? ಗುರುರಾಜರಿಗೆ ಹೇಳಿದರೆ ಬರುವ ಉತ್ತರವೂ ಗೊತ್ತಿತ್ತು. "ಅತ್ತಿ ನೋಡಿಕೊಳ್ಳೋತನಕ ಕೆಲಸ ಮಾಡು, ಇಲ್ಲಂದ್ರ ಬಿಡು" ಎಂದು ಸೇರುವ ದಿನವೇ ಹೇಳಿದ್ದರು. ಮಗುವನ್ನು ತವರಿಗೆ ಕಳಿಸಬಹುದಿತ್ತು. ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಅತ್ತೆಗೇ ನಿಜ ಹೇಳಿದ್ದರೆ ಅವರೇ ಏನಾದರೂ ದಾರಿ ಹುಡುಕುತ್ತಿದ್ದರು — ಅಥವಾ ನಗುತ್ತಲೇ ಬಿಟ್ಟುಕೊಡುತ್ತಿದ್ದರು, ಮತ್ತೆ ಆ ಋಣ ನನ್ನ ಮೇಲೆ… ಅದನ್ನು ಹೊರಲು ನನಗೆ ಮನಸ್ಸಿರಲಿಲ್ಲ. ಅವರು ಬಿಟ್ಟುಕೊಟ್ಟ ಹಾಗೂ ಆಗಬಾರದು, ನಾನು ಕಸಿದ ಹಾಗೂ ಆಗಬಾರದು. ಹಾಗಾಗಲು ಒಂದೇ ಉಪಾಯವಿತ್ತು. ಹೊರಟ ಕೆಲಸಕ್ಕೆ ಸಾವಿನ ಸುದ್ದಿ ಅಡ್ಡ ಬಂದರೆ ಅತ್ತೆ ಹೊಸ್ತಿಲು ದಾಟುವವರಲ್ಲ.

ಹೊರಡಲು ಮೂರು ದಿನವಿದ್ದಾಗ, ಸಂಜೆ ಬಸ್ಸಿಳಿದು ಬಂದವಳೇ ಹೇಳಿದೆ:

"ಅತ್ತಿ, ಗೋಕರ್ಣದಾಗ ಭಾಗೀರಥಮ್ಮ ಹೋಗಿಬಿಟ್ರಂತ್ರಿ. ಮನಿಗೆ ಬೀಗ ಹಾಕ್ಯಾರಂತ."

ಅವರು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಪೂರ್ತಿ ಹಾಕಿದರು. ಎದ್ದು ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಗುರುರಾಜರು ಗಾಬರಿಯಾಗಿ, "ಅತ್ತಿ, ಆಕಿ ನಮಗೇನು ಸಂಬಂಧ? ಸ್ನಾನ ಯಾಕ?" ಎಂದರು.

"ನನ್ನ ಕೈ ಹಿಡಿತೀನಿ ಅಂದಿದ್ಲು," ಎಂದರು ಅತ್ತೆ. "ಸಂಬಂಧ ಇಲ್ಲ ಅಂದ್ರ ಹ್ಯಾಂಗ?"

ಬೇರೆ ಮನೆ ಹುಡುಕೋಣವೇ ಎಂದು ಗುರುರಾಜರು ಕೇಳಿದರು. "ಬ್ಯಾಡ. ದೇವರು ಬ್ಯಾಡ ಅಂದಾನ, ತಿಳೀತು," ಎಂದು ಮಾತು ಮುಗಿಸಿಬಿಟ್ಟರು. ನನ್ನ ಲೆಕ್ಕಾಚಾರ ಸರಿಯಾಗಿತ್ತು. ಅತ್ತ ಗೋಕರ್ಣಕ್ಕೆ ಫೋನು ಮಾಡಿ ಬರುವುದಿಲ್ಲವೆಂದು ಹೇಳುವ ಸೌಜನ್ಯವೂ ನನ್ನಲ್ಲಿ ಉಳಿಯಲಿಲ್ಲ — ಸತ್ತವರಿಗೆ ಏನೆಂದು ಫೋನು ಮಾಡಲಿ?

ಆ ತಿಂಗಳು ನಾನು ಕಂಡದ್ದನ್ನು ಹೇಗೆ ಹೇಳಲಿ. ಮೊದಲ ಬಸ್ಸಿಗೆ ಅತ್ತೆ ಹಂಪಿಗೆ ಹೊರಡುತ್ತಿದ್ದರು. ನದಿಯಲ್ಲಿ ಮುಳುಗಿ, ಒದ್ದೆ ಸೀರೆಯ ಗಂಟು ಹಿಡಿದು, ನನ್ನ ಬಸ್ಸಿಗೆ ಹತ್ತು ನಿಮಿಷ ಮೊದಲು ಬಾಗಿಲಲ್ಲಿ ಇರುತ್ತಿದ್ದರು. ಒಂದು ದಿನವೂ ನನಗೆ ತಡವಾಗಲಿಲ್ಲ. ಚಿನ್ನಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳುವಾಗ ಅವರ ಕೈ ತಣ್ಣಗಿರುತ್ತಿತ್ತು. ಸಮುದ್ರದ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ.

ಕೊನೆಯ ದಿನ ಮೂವತ್ತಮೂರು ಅನಾರಸದ ದಾನ. ಆಚಾರ್ಯರು ಸಂಕಲ್ಪ ಮಾಡಿಸುವಾಗ ಅತ್ತೆ ತಡೆದರು. ತಿಂಗಳ ಸ್ನಾನದ ಪುಣ್ಯವೆಲ್ಲ ಬೇರೊಬ್ಬರಿಗೆ ಹೋಗಬೇಕು ಎಂದರು. ಆಚಾರ್ಯರು ಗೋತ್ರ ಕೇಳಿದರು.

"ಗೋತ್ರ ಗೊತ್ತಿಲ್ರಿ. ಹೆಸರು ಭಾಗೀರಥಿ. ಸಮುದ್ರದ ದಂಡಿ ಮ್ಯಾಲಿನಾಕಿ."

ದಾನದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಈ ಹೆಂಗಸು ಎಷ್ಟು ದೊಡ್ಡವಳು ಎಂದು ನನಗೆ ಗೊತ್ತಾದದ್ದು ಆ ಕ್ಷಣ. ಬಾಯಿ ಮಾತ್ರ ತೆರೆಯಲಿಲ್ಲ.

ಮುಂದಿನ ಅಧಿಕ ಮಾಸ ಬರುವ ಮೊದಲೇ ಬಚ್ಚಲಲ್ಲಿ ಬಿದ್ದು ಅತ್ತೆಯ ಸೊಂಟ ಮುರಿಯಿತು. ಆಮೇಲೆ ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ, ಅಷ್ಟೇ. ಗಣಿಗಳು ಮುಚ್ಚಿದವು, ಲ್ಯಾಬೂ ಮುಚ್ಚಿತು. ಯಾವ ಕೆಲಸಕ್ಕಾಗಿ ಆ ಸುಳ್ಳು ಹೇಳಿದ್ದೆನೋ ಆ ಕೆಲಸ ಐದು ವರ್ಷವೂ ಬಾಳಲಿಲ್ಲ.

ಕಳೆದ ಬೇಸಿಗೆಯಲ್ಲಿ, ಕಾಲೇಜಿಗೆ ಹೋಗುವಷ್ಟು ಬೆಳೆದ ಚಿನ್ನಿ ಹಟ ಹಿಡಿದು ನನ್ನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದಳು. ಅದುವರೆಗೂ ನಾನೂ ಸಮುದ್ರ ನೋಡಿರಲಿಲ್ಲ. ನೋಡುವ ಧೈರ್ಯವಿರಲಿಲ್ಲ ಎನ್ನುವುದೇ ಸರಿ. ಓಣಿ ತಿರುಗಿದೊಡನೆ ಇದ್ದಕ್ಕಿದ್ದಂತೆ ಅದು ಎದುರಿಗೇ ಇತ್ತು. ಇಷ್ಟೊಂದು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ದಂಡೆಯಿಲ್ಲದ, ಒಂದು ಗಳಿಗೆಯೂ ಸುಮ್ಮನಿರದ ನೀರು — ನೋಡುತ್ತ ಮರಳಲ್ಲಿ ಕೂತುಬಿಟ್ಟೆ. ಇದನ್ನೇ, ಇಷ್ಟನ್ನೂ, ಒಂದು ಬಸ್ಸು ತಪ್ಪಬಾರದೆಂದು ನಾನು ಅವರಿಂದ…

ಆ ಮನೆಯನ್ನು ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಬೆನ್ನು ಬಾಗಿದ ಒಬ್ಬ ಮುದುಕಿ. ಧ್ವನಿ ಮಾತ್ರ ಅದೇ. ಹೊಸಪೇಟೆ ಎಂದೊಡನೆ ಮುಖ ಮೇಲೆತ್ತಿದರು.

"ನಿಮ್ಮೂರಿಂದ ಒಬ್ರು ಬರ್ತೆ ಅಂದಿದ್ರು. ಕೋಣೆಗೆ ಸುಣ್ಣ ಹೊಡ್ಸಿ ಕಾದೆ, ಬರ್ಲೇ ಇಲ್ಲ. ದಾರಿಯಲ್ಲಿ ಏನಾದ್ರೂ ಆಯ್ತೋ ಏನೋ ಅಂತ ಭಾಳ ದಿನ ಮನಸ್ಸಿಗೆ ಹತ್ಕಂಡಿತ್ತು."

ಅಲ್ಲಿಯೂ ಹೇಳಲಿಲ್ಲ. ನಂಬರು ಬರೆದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅತ್ತೆಯ ಮಂಚದ ಪಕ್ಕ ಕೂತು ಹೇಳಿದೆ. ರಜೆ, ಬಸ್ಸು, ಸುಳ್ಳು, ಸುಣ್ಣ ಹೊಡೆಸಿದ ಕೋಣೆ — ಎಲ್ಲವನ್ನೂ. ಬೈಗುಳಕ್ಕೆ ತಲೆಯೊಡ್ಡಿ ಕಾದೆ.

"ಅಂದ್ರ… ಆಕಿ ಬದುಕ್ಯಾಳ?"

"ಅದಾರ್ರಿ, ಅತ್ತಿ."

ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡರು. "ಭಾಳ ಚಲೋ ಆತು. ಭಾಳ ಚಲೋ ಆತು." ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆ ಮುಖ ಮಾಡಿದರು. ಅಳುತ್ತಿದ್ದರು. ಎಷ್ಟು ಹೊತ್ತೆಂದು ನೆನಪಿಲ್ಲ, ನಾನು ಮುಟ್ಟಲಿಲ್ಲ, ಮುಟ್ಟುವ ಹಕ್ಕು ನನಗಿರಲಿಲ್ಲ.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಈ ಕಡೆ ತಿರುಗಿದರು. "ಫೋನ್ ಹಚ್ಚು. ನಾ ಮಾತಾಡತೀನಿ ಆಕಿ ಸಂಗಟ," ಎಂದರು. ನಾನು ನಂಬರು ಒತ್ತಿ ಫೋನನ್ನು ಅವರ ಕಿವಿಗೆ ಹಿಡಿಯಹೋದೆ. ಅವರು ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಮೊದಲ ನೀ ಹೇಳು, ಸುಧಾ. ಆಮ್ಯಾಲೆ ನನಗ ಕೊಡು."

ಆ ಕಡೆಯಿಂದ ಭಾಗೀರಥಮ್ಮ, ಯಾರು ಮಾತಾಡುವುದು ಎಂದು ಕೇಳಿದರು. ನಾನು ನನ್ನ ಹೆಸರು ಹೇಳಿದೆ. ನೀವು ಸತ್ತಿದ್ದೀರೆಂದು ಹೇಳಿ ನಮ್ಮ ಅತ್ತೆಯನ್ನು ಬಾರದ ಹಾಗೆ ಮಾಡಿದವಳು ನಾನೇ ಎಂದೆ.