ಫ್ರೀ ಬಸ್ಸಿನಲ್ಲಿ ಕಬಡ್ಡಿ ತಂಡ

ಸಮಾನತೆಯು ಮಾನವಕುಲದ ಪರಮೋನ್ನತ ಆದರ್ಶ. ಆ ಬೆಳಿಗ್ಗೆ ಮಾತ್ರ ಅದು ಕೌತಾಳಂನಿಂದ ಆದೋನಿಗೆ ಹೊರಟ ಬಸ್ಸಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತಿತ್ತು. ಆದೋನಿಯ ಪಂದ್ಯಕ್ಕೆ ಹೊರಟ ನಮ್ಮ ಹೈಸ್ಕೂಲಿನ ಕಬಡ್ಡಿ ಹುಡುಗಿಯರು ಒಂಬತ್ತು ಮಂದಿ ನನ್ನ ಸೀಟಿನ ಸುತ್ತ ಜೋತುಬಿದ್ದಿದ್ದರು. ಆದೋನಿ ಮಾರ್ಕೆಟ್ ಯಾರ್ಡಿನ ಹತ್ತಿರ, ಹತ್ತಿ ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತೇಬಿಟ್ಟಿತು.

ಅವರ ನಾಯಕಿ ನನ್ನ ಗಡಿಯಾರವನ್ನೇ ನೋಡುತ್ತಿದ್ದಳು. "ಟೈಮೆಷ್ಟಾತ್ರಿ ಅಜ್ಜಾರ? ಹತ್ತಕ್ಕ ಹೆಸರು ಕರೀತಾರ. ನಾವಿರಲಿಲ್ಲಂದ್ರ ಆಡದನ ಸೋತಂಗ."

ಐದು ನಿಮಿಷ ಉಳಿದಿತ್ತು. ಹುಡುಗರ ತಂಡ ಎಲ್ಲಿ ಎಂದು ಕೇಳಬಾರದಿತ್ತು, ಕೇಳಿದೆ.

"ಅವ್ರು ಎಂಟಕ್ಕ ಜೀಪಿನ್ಯಾಗ ಹೋಗ್ಯಾರ್ರಿ. ಹುಡುಗ್ಯಾರಿಗೆ ಬಸ್ಸು ಫ್ರೀ ಐತಲ್ಲ, ಜೀಪ್ ಯಾಕ ಅಂದಾನಂತ್ರಿ ಶಾಲಿ ಕಮಿಟಿಯಾಗ ಯಾವನೋ ಮುದುಕ. ಆ ಪುಣ್ಯಾತ್ಮನ್ನ ಒಮ್ಮೆ ಈ ಬಸ್ಸಿಗೆ ಹತ್ತಿಸಬೇಕ್ರಿ!"

ಹತ್ತಿದ್ದ. ಅವನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಸಭೆಯಲ್ಲಿ ನನ್ನ ಆ ಮಾತಿಗೆ ಎಲ್ಲರೂ ತಲೆದೂಗಿದ್ದರು; ಈಗ ಮುಳ್ಳು ಹತ್ತರತ್ತ ಸರಿದಂತೆ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡೆ. ಕೊನೆಗೆ ಒಂಬತ್ತೂ ಜನ ಇಳಿದು ಟ್ರ್ಯಾಕ್ಟರುಗಳ ಸಂದಿಯಲ್ಲಿ ಓಡಿದರು. ನಾನೂ ಧೋತರ ಎತ್ತಿಕಟ್ಟಿ ಹಿಂದೆ ಓಡಿದೆ. ಓಡಿದೆ ಎಂಬುದು ನನಗೆ ನಾನೇ ಕೊಟ್ಟುಕೊಂಡ ಗೌರವ.

ಮೈದಾನದಲ್ಲಿ ನಮ್ಮ ಹುಡುಗರು ಜೀಪಿನ ನೆರಳಲ್ಲಿ ಬಾಳೆಹಣ್ಣು ತಿನ್ನುತ್ತ ಸರದಿಗೆ ಕಾಯುತ್ತಿದ್ದರು. ಹುಡುಗಿಯರ ಹೆಸರನ್ನು ಮೂರು ಸಲ ಕರೆದಾಗಿತ್ತು. ಎದುರು ತಂಡ ಆಡದೆಯೇ ಗೆದ್ದಿತ್ತು.

ವಾಪಸು ಬಸ್ಸಿನಲ್ಲಿ ಆ ಮುದುಕ ಯಾರೆಂದು ನಾಯಕಿಗೆ ಹೇಳಿದೆ. ಕೌತಾಳಂವರೆಗೂ ನಿಂತೇ ಬಂದೆ.